ಅತ್ತೆಯ ಕೋಣೆಯ ಒದ್ದೆ ಗೋಡೆ: ಚಿತ್ರದುರ್ಗದ ಒಂದು ಬಾತ್‌ರೂಮಿನ ಪ್ರಕರಣ

2024ರ ಏಪ್ರಿಲ್. ಹಿಂದಿನ ವರ್ಷ ಮಳೆ ಕೈಕೊಟ್ಟು ಬರ ಘೋಷಣೆ ಆಗಿತ್ತು. ಚಿತ್ರದುರ್ಗದ ಕೆಳಗೋಟೆಯ ನಮ್ಮ ಬೀದಿಯಲ್ಲಿ ಇಬ್ಬರ ಬೋರ್‌ವೆಲ್ ಆಗಲೇ ನಿಂತಿತ್ತು, ನಮ್ಮದರಲ್ಲಿ ಬೆಳಗ್ಗೆ ಒಂದು ಗಂಟೆ ಮಾತ್ರ ನೀರು ಬರುತ್ತಿತ್ತು. ಊರಿಗೆ ಊರೇ ಒಣಗಿ ನಿಂತಿದ್ದ ಆ ಬಿಸಿಲಲ್ಲಿ ನಮ್ಮ ಮನೆಯಲ್ಲಿ ಒದ್ದೆಯಾಗಿದ್ದದ್ದು ಒಂದೇ ಒಂದು: ಅತ್ತೆ ಮಲಗುವ ಕೋಣೆಯ ಗೋಡೆ.

ನೆಲದಿಂದ ಎರಡೂವರೆ ಅಡಿ ಎತ್ತರದ ತನಕ ಬಣ್ಣ ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿದು ಬೀಳುತ್ತಿತ್ತು, ಅದರ ಹಿಂದೆ ಬಿಳಿ ಉಪ್ಪು. ಗಿಲಾವು ಮರಳಾಗಿ ಉದುರುತ್ತಿತ್ತು. ಅಲ್ಲೇ ಇದ್ದ ಬೀರುವಿನಲ್ಲಿ ಅತ್ತೆಯ ರೇಷ್ಮೆ ಸೀರೆಗಳಿಗೆ ಮುಗ್ಗಲು ವಾಸನೆ ಹಿಡಿದಿತ್ತು. ಅವರಿಗೆ ಮೊದಲೇ ಉಬ್ಬಸ. ರಾತ್ರಿ ಕೆಮ್ಮು ಜಾಸ್ತಿಯಾದಾಗ ನನಗೆ ಆ ಗೋಡೆಯೇ ಕಣ್ಣ ಮುಂದೆ ಬರುತ್ತಿತ್ತು.

ಗೋಡೆಯ ಆ ಕಡೆ ಬಾತ್‌ರೂಮ್. ಮನೆ 2006ರಲ್ಲಿ ಕಟ್ಟಿದ್ದು. ಬಾತ್‌ರೂಮ್ 7 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ನೆಲಕ್ಕೆ ಒಂದಡಿ ಚೌಕದ ಟೈಲ್ಸ್, ಗೋಡೆಗೆ 8ಕ್ಕೆ 12 ಇಂಚಿನದು. ಸಂದುಗಳಿಗೆ ಆಗ ಎಲ್ಲರೂ ಹಾಕಿಸುತ್ತಿದ್ದ ಹಾಗೆ ಬರೀ ಬಿಳಿ ಸಿಮೆಂಟ್. 2022ರಲ್ಲಿ ಒಮ್ಮೆ ಈ ಗೋಡೆಗೆ ತೇವ ತಡೆಯುವ ಬಣ್ಣ ಅಂತ ಅಂಗಡಿಯವರು ಕೊಟ್ಟಿದ್ದನ್ನು ಎರಡು ಕೋಟು ಹೊಡೆಸಿದ್ದೆವು. ಎಂಟು ತಿಂಗಳು ಚೆನ್ನಾಗಿತ್ತು, ಆಮೇಲೆ ಹಾಳೆ ಹಾಳೆಯಾಗಿ ಎದ್ದು ಬಂತು. ನೀರು ಗೋಡೆಯ ಹಿಂದಿನಿಂದ ತಳ್ಳುತ್ತಿರುವಾಗ ಮುಂದೆ ಎಷ್ಟು ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ. ಈ ಮಾತು ಆಗ ನನಗೆ ಯಾರೂ ಹೇಳಿರಲಿಲ್ಲ.

ಈ ಸಲ ಇಬ್ಬರು ಮೇಸ್ತ್ರಿಗಳನ್ನು ಕರೆಸಿ ತೋರಿಸಿದೆವು. ಒಬ್ಬರು ಪೂರ್ತಿ ಒಡೆದು ಪೈಪಿನಿಂದ ಹಿಡಿದು ಎಲ್ಲಾ ಹೊಸದಾಗಿ ಮಾಡಬೇಕು, 78 ಸಾವಿರ ಆಗುತ್ತೆ ಅಂದರು. ಇನ್ನೊಬ್ಬರು ಹಳೇ ಟೈಲ್ಸ್ ಮೇಲೇ ಹೊಸ ಟೈಲ್ಸ್ ಕೂರಿಸೋಣ, 40 ಸಾವಿರದಲ್ಲಿ ಮುಗಿಯುತ್ತೆ ಅಂದರು. ಇಬ್ಬರೂ ಒಳ್ಳೆಯ ಕೆಲಸಗಾರರೇ. ಆದರೆ ನೀರು ಎಲ್ಲಿಂದ ಬರ್ತಿದೆ ಅಂತ ಕೇಳಿದರೆ ಇಬ್ಬರಿಂದಲೂ ಬಂದದ್ದು ಒಂದೇ ಉತ್ತರ: "ಒಡೆದರೆ ಗೊತ್ತಾಗುತ್ತೆ ಮೇಡಂ." ನನಗೆ ಇದು ಒಪ್ಪಿಗೆಯಾಗಲಿಲ್ಲ. ಒಡೆಯುವ ಮೊದಲೇ ಗೊತ್ತುಮಾಡಿಕೊಳ್ಳಲು ದಾರಿ ಇದೆ. ದುಡ್ಡು ಬೇಕಿಲ್ಲ, ಹತ್ತು ಹದಿನೈದು ದಿನದ ತಾಳ್ಮೆ ಬೇಕು ಅಷ್ಟೇ. ಹಿತ್ತಲಲ್ಲಿ ಹಂಡೆ ಇರುವ ಹಳೇ ಬಚ್ಚಲು ಇನ್ನೂ ಇದ್ದಿದ್ದರಿಂದ ಸ್ನಾನಕ್ಕೆ ತೊಂದರೆ ಇರಲಿಲ್ಲ. ನಮ್ಮ ಮನೆಯವರು ದಿನಾ ದಾವಣಗೆರೆಗೆ ಬಸ್ಸಲ್ಲಿ ಕೆಲಸಕ್ಕೆ ಹೋಗಿ ಬರುತ್ತಾರೆ, ಹಾಗಾಗಿ ಇದನ್ನು ನಾನೇ ಮಾಡುವುದು ಅಂತಾಯಿತು, ಜೊತೆಗೆ ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ಮಗ.

ಎಲ್ಲಕ್ಕಿಂತ ಮೊದಲು ಮಾಡಿದ್ದು ಕರೆಂಟಿನ ಕೆಲಸ. ಆ ಒದ್ದೆ ಗೋಡೆಯಲ್ಲೇ ಒಂದು ಪ್ಲಗ್ ಪಾಯಿಂಟ್ ಇತ್ತು, ಅತ್ತೆ ಅದಕ್ಕೇ ಟೇಬಲ್ ಫ್ಯಾನ್ ಹಾಕಿಕೊಳ್ಳುತ್ತಿದ್ದರು. ಅವತ್ತೇ ಆ ಕೋಣೆಯ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ ಆ ಪಾಯಿಂಟ್ ಒಂದನ್ನು ಕಳಚಿಸಿದೆ. ಒದ್ದೆ ಗೋಡೆ ಇರುವ ಮನೆಯವರು ದಯವಿಟ್ಟು ಇದೊಂದನ್ನು ನಾಳೆಗೆ ಇಡಬೇಡಿ.

ಆಮೇಲೆ ಪೆನ್ಸಿಲ್ ಹಿಡಿದೆ. ಗೋಡೆಯಲ್ಲಿ ತೇವ ಎಲ್ಲಿಯ ತನಕ ಇದೆಯೋ ಅದರ ಅಂಚಿಗೆ ಸರಿಯಾಗಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದೆ. ನಕ್ಷೆಯಲ್ಲಿ ಜಿಲ್ಲೆಯ ಗಡಿ ಬರೆದ ಹಾಗೆ ಕಾಣುತ್ತಿತ್ತು. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಮಾನು ಆ ಪೆನ್ಸಿಲ್. ಕಣ್ಣಿಗೆ ಗೋಡೆ ದಿನಾ ಒಂದೇ ಥರ ಕಾಣುತ್ತೆ, ಗೆರೆ ಇದ್ದರೆ ಮಾತ್ರ ತೇವ ಏರಿತೋ ಇಳಿಯಿತೋ ಗೊತ್ತಾಗುತ್ತೆ.

ನೀರು ಬರಬಹುದಾದ ದಾರಿ ನಾಲ್ಕು ಅಂತ ಲೆಕ್ಕ ಹಾಕಿದೆ. ಹೊರಗಿನ ಮಳೆ, ಗೋಡೆಯೊಳಗಿನ ನಲ್ಲಿ ಪೈಪು, ನೆಲದಡಿಯ ಕೊಳಚೆ ಪೈಪು, ಇಲ್ಲವೇ ಬಾತ್‌ರೂಮಿನ ನೆಲ. ಮಳೆಯನ್ನು ಬರಗಾಲವೇ ಪಟ್ಟಿಯಿಂದ ತೆಗೆದುಹಾಕಿತ್ತು, ತಿಂಗಳುಗಟ್ಟಲೆ ಹನಿ ಬಿದ್ದಿರಲಿಲ್ಲ.

ಮೊದಲು ನಲ್ಲಿ ಪೈಪು. ರಾತ್ರಿ ಹತ್ತಕ್ಕೆ ಮೇಲಿನ ಟ್ಯಾಂಕ್ ತುಂಬಿಸಿ, ಫ್ಲಶ್‌ಗೆ ಹೋಗುವ ಕಾಕ್ ಮುಚ್ಚಿ, ಮನೆಯಲ್ಲಿ ಯಾರೂ ನಲ್ಲಿ ಮುಟ್ಟಬಾರದು ಅಂತ ಹೇಳಿ, ಟ್ಯಾಂಕಿನೊಳಗೆ ಮಗನ ಸ್ಟೀಲ್ ಸ್ಕೇಲ್ ಕಟ್ಟಿ ಅಳತೆ ಬರೆದುಕೊಂಡೆವು. ಸಾವಿರ ಲೀಟರಿನ ದುಂಡನೆ ಟ್ಯಾಂಕ್‌ನಲ್ಲಿ ಒಂದು ಮಿಲಿಮೀಟರ್ ಇಳಿಯಿತು ಅಂದರೆ ಹೆಚ್ಚುಕಡಿಮೆ ಒಂದು ಲೀಟರ್ ಹೋಯಿತು ಅಂತ. ಬೆಳಗ್ಗೆ ಐದಕ್ಕೆ ನೋಡಿದರೆ ಅಳತೆ ಅಲ್ಲೇ ಇತ್ತು. ಮತ್ತೆರಡು ರಾತ್ರಿ ಮಾಡಿದೆವು, ಅಷ್ಟೇ. ಅದೂ ಅಲ್ಲದೆ, ಬಾತ್‌ರೂಮ್ ಬಳಸದೆ ಬಿಟ್ಟ ಏಳು ದಿನದಲ್ಲಿ ಗೋಡೆಯ ತೇವ ಪೆನ್ಸಿಲ್ ಗೆರೆಯಿಂದ ಒಂದೂವರೆ ಇಂಚು ಕೆಳಗೆ ಇಳಿದಿತ್ತು. ಪೈಪಿನಲ್ಲಿ ಏಳೂ ದಿನ ನೀರು ತುಂಬಿಕೊಂಡೇ ಇತ್ತು. ಪೈಪು ಸೋರುತ್ತಿದ್ದರೆ ಗೋಡೆ ಒಣಗುತ್ತಲೇ ಇರಲಿಲ್ಲ ಅಲ್ವಾ? ಪೈಪು ಬದಲಿಸುವ ಖರ್ಚು ಅಲ್ಲಿಗೆ ಉಳಿಯಿತು.

ಮುಂದಿನ ಮೂರು ದಿನ ಕೊಳಚೆ ಪೈಪಿನ ಪರೀಕ್ಷೆ. ನೆಲ ಒಂದು ಚೂರೂ ಒದ್ದೆಯಾಗದ ಹಾಗೆ, ನೆಲದ ನೀರು ಹೊರಗೆ ಹೋಗುವ ನಹಾನಿ ಟ್ರ್ಯಾಪಿನ ಜಾಲರಿ ತೆಗೆದು, ಅದರೊಳಕ್ಕೆ ನೇರವಾಗಿ ಒಂದು ತುಂಡು ಹೋಸ್ ಪೈಪ್ ಇಳಿಬಿಟ್ಟು, ಬಟ್ಟೆ ಜಾಲಿಸಿದ ನೀರನ್ನೆಲ್ಲ ಅದರಲ್ಲೇ ಸುರಿದೆವು. ಬರಗಾಲದಲ್ಲಿ ಪರೀಕ್ಷೆಗೆ ಅಂತ ಒಳ್ಳೆ ನೀರು ಸುರಿಯಲು ಮನಸ್ಸು ಬರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಬಕೆಟ್ ಹೋಯಿತು. ಗೆರೆ ಏರಲಿಲ್ಲ, ಇಳಿಯುತ್ತಲೇ ಇತ್ತು.

ಉಳಿದದ್ದು ನೆಲ. ಇದಕ್ಕೆ ನೀರು ನಿಲ್ಲಿಸಿ ನೋಡಬೇಕು. ಹಳೇ ಬನಿಯನ್ನನ್ನು ಉಂಡೆ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ, ಟ್ರ್ಯಾಪಿನ ಬಾಯಿಗೆ ತುರುಕಿದೆ. ಹೊಸ್ತಿಲು ಮುಟ್ಟದ ಹಾಗೆ, ದೂರದ ಮೂಲೆಯಲ್ಲಿ ಅರ್ಧ ಇಂಚು ನಿಲ್ಲುವಷ್ಟು ನೀರು ತುಂಬಿಸಿದೆವು. ಆರೇಳು ಬಕೆಟ್ ಹಿಡಿಯಿತು. ನೀರಿನ ಮಟ್ಟಕ್ಕೆ ಗೋಡೆಯ ಟೈಲ್ಸ್ ಮೇಲೆ ಗೆರೆ. ಪಕ್ಕದಲ್ಲೇ ಒಂದು ಅಗಲದ ಸ್ಟೀಲ್ ಹರಿವಾಣದಲ್ಲೂ ನೀರು ತುಂಬಿ ಅದಕ್ಕೂ ಗೆರೆ, ಯಾಕೆಂದರೆ ಏಪ್ರಿಲ್ ಬಿಸಿಲಿಗೆ ನೀರು ಸುಮ್ನೆ ಆವಿಯಾಗಿಯೂ ಕಮ್ಮಿಯಾಗುತ್ತೆ, ಅದನ್ನು ಸೋರಿಕೆ ಅಂತ ತಪ್ಪು ಲೆಕ್ಕ ಹಾಕಬಾರದು. ಬನಿಯನ್ ಉಂಡೆಯೇ ಸೋರಿದರೆ? ಅದಕ್ಕೆ ಹೊರಗಿನ ಚೇಂಬರ್ ಮುಚ್ಚಳ ತೆಗೆದು, ಪೈಪು ಬಂದು ಸೇರುವ ಬಾಯಲ್ಲಿ ಒಂದು ಒಣ ಪೇಪರ್ ಇಟ್ಟೆವು.

24 ಗಂಟೆ ಬಿಟ್ಟು ನೋಡಿದಾಗ ಹರಿವಾಣದಲ್ಲಿ 3 ಮಿಲಿಮೀಟರ್ ಇಳಿದಿತ್ತು. ಬಾತ್‌ರೂಮ್ ನೆಲದಲ್ಲಿ 9. ಚೇಂಬರಿನ ಪೇಪರ್ ಒಣಗಿಯೇ ಇತ್ತು. ಅಂದರೆ ಆ 6 ಮಿಲಿಮೀಟರ್ ನೀರು ನೆಲದೊಳಕ್ಕೇ ಹೋಗಿತ್ತು. ನೆಲದ ಅಳತೆಗೆ ಲೆಕ್ಕ ಹಾಕಿದರೆ ಸುಮಾರು 17 ಲೀಟರ್, ಒಂದು ಬಕೆಟ್ ತುಂಬ. ಮಗ ಕ್ಯಾಲ್ಕುಲೇಟರ್ ತೋರಿಸಿದಾಗ ನಾನು ಎರಡು ಸಲ ನೋಡಿದೆ. ಮತ್ತೆರಡು ದಿನಕ್ಕೆ ಅತ್ತೆಯ ಕೋಣೆಯಲ್ಲಿ ಗೆರೆ ದಾಟಿ ತೇವ ಎರಡು ಇಂಚು ಮೇಲೆ ಬಂತು, ಅದೂ ಸರಿಯಾಗಿ ಆ ಕಡೆ ಟ್ರ್ಯಾಪ್ ಇರುವ ಜಾಗದ ಎದುರಿಗೆ. ನಿಂತಿದ್ದ ನೀರನ್ನು ಚೆಂಬಿನಲ್ಲಿ ಎತ್ತಿ ಕರಿಬೇವಿನ ಗಿಡಕ್ಕೆ ಹಾಕಿದೆವು.

ಈಗ ಎಲ್ಲಿ ಅಂತ ಹುಡುಕಬೇಕಿತ್ತು. ಐದು ರೂಪಾಯಿ ನಾಣ್ಯದಿಂದ ಒಂದೊಂದೇ ಟೈಲ್ಸ್ ತಟ್ಟುತ್ತಾ ಬಂದೆ. ಗಟ್ಟಿ ಕೂತಿರುವ ಟೈಲ್ಸ್ ಟಣ್ ಅನ್ನುತ್ತೆ, ಕೆಳಗೆ ಪೊಳ್ಳಾಗಿದ್ದರೆ ಡಬ್ ಅನ್ನುತ್ತೆ, ಸೋರೆ ಬುರುಡೆ ತಟ್ಟಿದ ಹಾಗೆ. ಟ್ರ್ಯಾಪಿನ ಸುತ್ತ ಐದು ಟೈಲ್ಸ್ ಪೊಳ್ಳು. ಆಮೇಲೆ ಹಿಡಿ ಪೊರಕೆಯಿಂದ ಒಂದು ಕಡ್ಡಿ ಕಿತ್ತು ಸಂದುಗಳಲ್ಲಿ ಚುಚ್ಚಿ ನೋಡಿದೆ. ಹೊಸ್ತಿಲ ಹತ್ತಿರ ಕಡ್ಡಿ ಹೋಗಲೇ ಇಲ್ಲ. ನಡುವೆ ಅಕ್ಕಿ ಕಾಳಿನಷ್ಟು ಹೋಯಿತು. ಟ್ರ್ಯಾಪಿನ ಹತ್ತಿರ, ಅತ್ತೆಯ ಕೋಣೆಯ ಗೋಡೆ ಪಕ್ಕದ ಸಂದಿನಲ್ಲಿ, ಕಡ್ಡಿ ಒಂದು ಇಂಚು ಇಳಿಯಿತು. ಟೈಲ್ಸ್ ದಪ್ಪ ಇರುವುದೇ 8 ಮಿಲಿಮೀಟರ್. ಕಡ್ಡಿ ಟೈಲ್ಸ್ ದಾಟಿ ಕೆಳಗಿನ ಪೊಳ್ಳಿಗೆ ಇಳಿದಿತ್ತು. ಹೊರಗೆ ತೆಗೆದಾಗ ತುದಿಯಲ್ಲಿ ಕಪ್ಪು ಕೆಸರು, ಕೊಳಚೆ ವಾಸನೆ. ಸಂದಿನಲ್ಲಿ ಬಿಳಿ ಸಿಮೆಂಟ್ ಅನ್ನುವುದೇ ಉಳಿದಿರಲಿಲ್ಲ, ಮೇಲೆ ಕಾಣುತ್ತಿದ್ದದ್ದು ಬರೀ ಸೋಪಿನ ಜಿಡ್ಡು.

ಹದಿನೆಂಟು ವರ್ಷಕ್ಕೆ ಬಿಳಿ ಸಿಮೆಂಟ್ ಸ್ವಲ್ಪ ಸವೆಯುವುದು ಸಹಜ. ಆದರೆ ಹೊಸ್ತಿಲ ಬಳಿ ಗಟ್ಟಿಯಿದ್ದು ಟ್ರ್ಯಾಪಿನ ಬಳಿ ಪೂರ್ತಿ ಮಾಯವಾಗಿದ್ದು ಯಾಕೆ? ಇದೇ ಪ್ರಶ್ನೆಯಲ್ಲಿ ಎರಡು ದಿನ ಇದ್ದೆ. ಉತ್ತರ ಸಿಕ್ಕಿದ್ದು ಶನಿವಾರ ಬೆಳಗ್ಗೆ, ಅತ್ತೆ ಮೂಲೆಯಲ್ಲಿದ್ದ ಆಸಿಡ್ ಬಾಟಲ್ ಎತ್ತಿಕೊಂಡು ಹಿತ್ತಲ ಬಚ್ಚಲಿಗೆ ಹೊರಟಾಗ.

ನಮ್ಮ ಊರಿನ ಬೋರ್ ನೀರು ಗಡಸು. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ, ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟುತ್ತೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಸಹಿಸಬಹುದು ಅಂತ ಭಾರತೀಯ ಮಾನದಂಡವಾದ ಐಎಸ್ 10500 ಹೇಳುತ್ತೆ. ಕುಡಿಯಲು ನಮಗೆ ಸೂಳೆಕೆರೆಯಿಂದ ಬರುವ ನಲ್ಲಿ ನೀರಿದೆ, ಆದರೆ ಸ್ನಾನ, ಬಟ್ಟೆ, ಪಾತ್ರೆ ಎಲ್ಲಾ ಬೋರ್ ನೀರಲ್ಲೇ. ಆ ಬಿಳಿ ಕಲೆ ಉಜ್ಜಿದರೆ ಹೋಗುವುದಿಲ್ಲ. ಅದಕ್ಕೆ ಬೀದಿಯಲ್ಲಿ ಫಿನಾಯಿಲ್, ಆಸಿಡ್ ಮಾರಿಕೊಂಡು ಬರುವವರ ಹತ್ತಿರ ಎಲ್ಲರೂ ಬಾಟಲ್ ತೆಗೆದುಕೊಳ್ಳುತ್ತಾರೆ. ಅತ್ತೆಯೂ ಪ್ರತಿ ಶನಿವಾರ ನೆಲಕ್ಕೆ ಆಸಿಡ್ ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು, ಉಜ್ಜಿ ತೊಳೆಯುತ್ತಿದ್ದರು. ಬಾತ್‌ರೂಮ್ ಫಳಫಳ ಅನ್ನುತ್ತಿತ್ತು. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಚೆಲ್ಲಿದ ಆಸಿಡ್ ಇಳಿಜಾರಿನಲ್ಲಿ ಹರಿದು ಕಡೆಗೆ ನಿಲ್ಲುವುದು ಟ್ರ್ಯಾಪಿನ ಸುತ್ತ. ಅಲ್ಲೇ ಸಂದು ಮಾಯವಾಗಿದ್ದದ್ದು.

ಹೊಸ್ತಿಲ ಕಡೆಯಿಂದ ಕೆರೆದು ತೆಗೆದ ಬಿಳಿ ಸಿಮೆಂಟಿನ ಒಂದು ಚೂರನ್ನು ಹಿತ್ತಲ ಕಲ್ಲಿನ ಮೇಲಿಟ್ಟು ಅದಕ್ಕೆ ದೂರದಿಂದ ನಾಲ್ಕು ಹನಿ ಆಸಿಡ್ ಬಿಟ್ಟೆ. ಬುಸ್ ಅಂತ ನೊರೆ ಎದ್ದು ಚೂರು ಕರಗುತ್ತಾ ಹೋಯಿತು. ಪಕ್ಕದಲ್ಲಿ ನಲ್ಲಿಯಿಂದ ಕೆರೆದ ಬಿಳಿ ಪೊರೆ ಇಟ್ಟಿದ್ದೆ, ಅದಕ್ಕೂ ಅದೇ ನೊರೆ. ಎರಡರಲ್ಲೂ ಇರುವುದು ಸುಣ್ಣದ ಅಂಶ. ಕಲೆಯನ್ನು ತಿನ್ನುವ ಆಸಿಡ್ಡಿಗೆ ಇದು ಕಲೆ, ಇದು ಸಂದು ಅಂತ ಭೇದ ಇಲ್ಲ.

ಅತ್ತೆ ನೋಡುತ್ತಾ ನಿಂತಿದ್ದರು. "ಹಂಗಾದ್ರೆ ನಾನೇ ಹಾಳು ಮಾಡ್ದೆ ಅನ್ನವ್ವಾ," ಅಂದರು, ಮುಖ ಸಣ್ಣದಾಯಿತು.

"ಇಲ್ಲ ಅತ್ತೆ, ನಮ್ಮ ನೀರು ಅಂಥದ್ದು. ನೀವು ಮನೆ ಚೊಕ್ಕಟವಾಗಿ ಇಡಬೇಕು ಅಂತ ಮಾಡಿದ್ದು. ಬಾಟಲ್ ಮೇಲೆ ಯಾರೂ ಇದನ್ನು ಬರೆದಿರಲ್ಲ," ಅಂದೆ. ನಿಜವಾಗಿಯೂ ಅಷ್ಟೇ. ಸಂದು ಹೋಯಿತು, ಸಂದಿನಲ್ಲಿ ನೀರು ಇಳಿಯಿತು, ಕೆಳಗಿನ ಗಾರೆ ಕೊಳೆತು ಪೊಳ್ಳಾಯಿತು, ಪೊಳ್ಳಿನಲ್ಲಿ ನಿಂತ ನೀರನ್ನು ಇಟ್ಟಿಗೆ ಗೋಡೆ ಬತ್ತಿಯ ಹಾಗೆ ಮೇಲಕ್ಕೆ ಹೀರಿತು. 78 ಸಾವಿರ ಕೊಟ್ಟು ಎಲ್ಲಾ ಹೊಸದು ಮಾಡಿಸಿ, ಸಂದಿಗೆ ಮತ್ತೆ ಬಿಳಿ ಸಿಮೆಂಟ್ ತುಂಬಿಸಿ, ಮತ್ತೆ ಪ್ರತಿ ಶನಿವಾರ ಆಸಿಡ್ ಹಾಕಿದ್ದರೆ ಕೆಲವೇ ವರ್ಷಕ್ಕೆ ಇದೇ ಗೋಡೆ ಮುಂದೆ ನಿಂತಿರುತ್ತಿದ್ದೆವು. ಟೈಲ್ಸ್ ಮೇಲೆ ಟೈಲ್ಸ್ ಕೂರಿಸಿದ್ದರೆ ಆ ಕೊಳೆತ ಗಾರೆ ಒಳಗೇ ಮುಚ್ಚಿಹೋಗುತ್ತಿತ್ತು.

ಕೆಲಸಕ್ಕೆ ಇಳಿಯುವ ಮೊದಲು ಇನ್ನೂ ಹತ್ತು ದಿನ ಬಾತ್‌ರೂಮನ್ನು ಒಣಗಲು ಬಿಟ್ಟೆವು. ಒದ್ದೆ ನೆಲದ ಮೇಲೆ ಏನು ಹಾಕಿದರೂ ಹಿಡಿಯುವುದಿಲ್ಲ. ಆ ಹತ್ತು ದಿನದಲ್ಲಿ ಸಾಮಾನು ಹೊಂದಿಸಿಕೊಂಡೆ. ಟೈಲ್ಸ್ ಮಾತ್ರ ಹೊಸದು ಬೇಕಾಗಲಿಲ್ಲ, 2006ರಲ್ಲಿ ಉಳಿದಿದ್ದ ಆರು ಟೈಲ್ಸ್ ಅಟ್ಟದಲ್ಲಿವೆ ಅಂತ ಅತ್ತೆಯೇ ನೆನಪು ಮಾಡಿದರು. ಹುಡುಕಿದರೆ ಐದೇ ಇದ್ದವು. ಆರನೆಯದು ತುಳಸಿ ಕಟ್ಟೆಯ ಮುಂದೆ ದೀಪ ಇಡುವ ಜಾಗದಲ್ಲಿ ಇತ್ತು, ಅದನ್ನು ಅಲ್ಲಿಂದ ಕೀಳಲು ನನಗೆ ಮನಸ್ಸಾಗಲಿಲ್ಲ. ಐದು ಸಾಕಾಯಿತು.

ಪೊಳ್ಳು ಟೈಲ್ಸ್ ಎಬ್ಬಿಸುವುದು ಕಷ್ಟ ಅಲ್ಲ. ಸುತ್ತಲಿನ ಸಂದನ್ನು ಮೊದಲು ಪೂರ್ತಿ ಬಿಡಿಸಿಕೊಂಡು, ಉಳಿಯನ್ನು ಓರೆಯಾಗಿ ಹಿಡಿದು ಸಣ್ಣಗೆ ಹೊಡೆದರೆ ಎದ್ದು ಬರುತ್ತೆ. ಕನ್ನಡಕ ಹಾಕಿಕೊಳ್ಳಿ, ಚೂರು ಕಣ್ಣಿಗೆ ಸಿಡಿಯುತ್ತೆ. ಐದರಲ್ಲಿ ಮೂರು ಒಡೆದವು, ಎರಡು ಇಡಿಯಾಗಿ ಬಂದವು. ಕೆಳಗಿನ ಗಾರೆ ಕೈಯಲ್ಲಿ ಹಿಡಿದರೆ ಒದ್ದೆ ಕಾಫಿ ಗಸಿಯ ಹಾಗೆ ಇತ್ತು. ಹತ್ತು ದಿನ ಒಣಗಿದ ಮೇಲೂ! ಗಟ್ಟಿ ಸಿಗುವ ತನಕ ಅದನ್ನೆಲ್ಲ ಕೆರೆದು ತೆಗೆದು, ಎರಡು ದಿನ ಫ್ಯಾನ್ ಇಟ್ಟು ಒಣಗಿಸಿದೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು, ಜೊತೆಗೆ ವಾಟರ್‌ಪ್ರೂಫ್ ಲಿಕ್ವಿಡ್ ಹಾಕಿ ಗುಂಡಿ ತುಂಬಿ, ಟ್ರ್ಯಾಪಿನ ಕಡೆ ಇಳಿಜಾರು ಬರುವ ಹಾಗೆ ರಸಮಟ್ಟ ಇಟ್ಟು ನೋಡಿ ಸಾಪು ಮಾಡಿದೆ. ಆರೇಳು ಅಡಿಗೆ ಒಂದು ಇಂಚು ಇಳಿಜಾರು ಇದ್ದರೆ ನೀರು ತಾನೇ ಹೋಗುತ್ತೆ. ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿದು ಬರುವುದನ್ನು ಚಿಕ್ಕಂದಿನಿಂದ ಕೇಳಿದ್ದೇವೆ. ನೀರನ್ನು ತಡೆಯುವುದಕ್ಕಿಂತ ಅದು ಹೋಗುವ ದಾರಿಯನ್ನು ಸರಿಯಾಗಿ ಇಡುವುದು ಮುಖ್ಯ ಅನ್ನುವುದು ಆ ನಾಲ್ಕೂವರೆ ಅಡಿ ನೆಲದಲ್ಲಿ ಕೂತಾಗ ನನಗೆ ಸರಿಯಾಗಿ ಅರ್ಥವಾಯಿತು.

ಗಾರೆ ಗಟ್ಟಿಯಾದ ಮೇಲೆ ಸಿಮೆಂಟ್ ಪುಡಿ ಮತ್ತು ದ್ರವ ಸೇರಿಸಿ ಬಳಿಯುವ ಪಾಲಿಮರ್ ಕೋಟಿಂಗ್ ಎರಡು ಸಲ ಬಳಿದೆ, ಮೊದಲನೆಯದು ಉದ್ದಕ್ಕೆ, ಐದು ಗಂಟೆ ಬಿಟ್ಟು ಎರಡನೆಯದು ಅಡ್ಡಕ್ಕೆ. ಟ್ರ್ಯಾಪಿನ ಕುತ್ತಿಗೆಯ ಸುತ್ತ ನಡುವೆ ಒಂದು ತುಂಡು ನೂಲಿನ ಬಲೆ ಕೂರಿಸಿದೆ. ಅಲ್ಲಿ ಪ್ಲಾಸ್ಟಿಕ್ಕು, ಸಿಮೆಂಟು ಸೇರುವ ಜಾಗ, ಬಿರುಕು ಬಿಡುವುದೇ ಅಲ್ಲಿ. ಸರಿಯಾದ ಕ್ರಮ ಅಂದರೆ ಈ ಕೋಟಿಂಗ್ ಗೋಡೆಯ ಮೇಲೂ ಒಂದಡಿ ಏರಬೇಕು. ಗೋಡೆಯ ಟೈಲ್ಸ್ ತೆಗೆಯದೆ ಅದು ಆಗುವುದಿಲ್ಲ, ಹಾಗಾಗಿ ನಾನು ಮಾಡಿದ್ದು ಅರ್ಧ ಕ್ರಮವೇ. ಅದರ ಭಾರವನ್ನೆಲ್ಲ ಮೂಲೆಯ ಸಂದುಗಳೇ ಹೊರಬೇಕಿತ್ತು. ಮರುದಿನ ಅಂಟಿನಿಂದ ಐದು ಟೈಲ್ಸ್ ಕೂರಿಸಿದೆ.

ಸಂದು ಕೆರೆಯುವ ಕೆಲಸ ಮಾತ್ರ ಬೆವರಿಳಿಸಿತು. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಹಳೇ ಬಿಳಿ ಸಿಮೆಂಟನ್ನು ಕನಿಷ್ಠ 5 ಮಿಲಿಮೀಟರ್ ಆಳ ತೆಗೆಯಬೇಕು. ಮೇಲೆ ಮೇಲೆ ಬಳಿದರೆ ಹೊಸದು ಸಿಪ್ಪೆಯ ಹಾಗೆ ಎದ್ದುಬಿಡುತ್ತೆ. ನೆಲದಲ್ಲಿ ಒಟ್ಟು 55 ಅಡಿ ಸಂದು, ಗೋಡೆಯ ಕೆಳಗಿನ ಎರಡು ಸಾಲಿನಲ್ಲಿ ಅದರ ಎರಡರಷ್ಟು. ನಾನು, ಮಗ ಸೇರಿ ಮೂರು ಸಂಜೆ ಕೂತೆವು. ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಧೂಳು ತೆಗೆದು ಒಣ ಬಟ್ಟೆಯಲ್ಲಿ ಒರೆಸಿದೆವು.

ತುಂಬಿದ್ದು ಎಪಾಕ್ಸಿ ಗ್ರೌಟ್. ಬಿಳಿ ಸಿಮೆಂಟಿಗಿಂತ ದುಬಾರಿ, ಕೆಲಸವೂ ಕಷ್ಟ. ಆದರೆ ಅದು ನೀರು ಹೀರುವುದಿಲ್ಲ, ಮನೆಯಲ್ಲಿ ಬಳಸುವ ಕ್ಲೀನರ್‌ಗಳಿಗೆ ಸುಲಭವಾಗಿ ಕರಗುವುದಿಲ್ಲ. ಪೊಟ್ಟಣದಲ್ಲಿ ರೆಸಿನ್, ಹಾರ್ಡ್‌ನರ್, ಪುಡಿ ಅಂತ ಮೂರು ಬರುತ್ತೆ, ಬೆರೆಸಿದ ಮೇಲೆ ಮುಕ್ಕಾಲು ಗಂಟೆಯೊಳಗೆ ಮುಗಿಸಬೇಕು. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಮಧ್ಯಾಹ್ನ ಎರಡು ಗಂಟೆಗೆ, ಸುಡು ಬಿಸಿಲಲ್ಲಿ, ಒಂದು ಕೆ.ಜಿ. ಪೂರ್ತಿ ಒಟ್ಟಿಗೇ ಕಲೆಸಿದೆ. ಬಿಸಿಲಿಗೆ ಅದು ಬೇಗ ಗಟ್ಟಿಯಾಗುತ್ತೆ ಅನ್ನುವುದು ಗಮನದಲ್ಲಿ ಇರಲಿಲ್ಲ. ಇಪ್ಪತ್ತೇ ನಿಮಿಷಕ್ಕೆ ಡಬ್ಬಿ ಕೈಗೆ ಬೆಚ್ಚಗೆ ಹತ್ತಿತು, ಒಳಗೆ ಹಿಟ್ಟು ಬಿಗಿಯುತ್ತಾ ಬಂತು. ಕಾಲು ಭಾಗ ಡಬ್ಬಿಯಲ್ಲೇ ಕಲ್ಲಾಯಿತು. ನೆಲದಲ್ಲಿ ಮೂರು ಟೈಲ್ಸ್ ಮೇಲೆ ಒರೆಸದೆ ಉಳಿದ ಅಂಟು ಗಾಜಿನ ಹಾಗೆ ಕೂತಿತು, ಅದನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಮರುದಿನ ಪೂರ್ತಿ ಹೋಯಿತು, ಎರಡು ಕಡೆ ಗೀಚು ಇನ್ನೂ ಕಾಣುತ್ತೆ. ಎರಡನೇ ಪೊಟ್ಟಣವನ್ನು ಬೆಳಗ್ಗೆ ಆರಕ್ಕೆ, ಅಡುಗೆಮನೆಯ ತಕ್ಕಡಿಯಲ್ಲಿ ಮೂರನ್ನೂ ತೂಗಿ ಕಾಲು ಕಾಲು ಭಾಗವಾಗಿ ಕಲೆಸಿದೆ. ನಾನು ತುಂಬುತ್ತಾ ಹೋದಂತೆ ಹಿಂದೆಯೇ ಮಗ ಒದ್ದೆ ಸ್ಪಂಜಿನಲ್ಲಿ ಒರೆಸುತ್ತಾ ಬಂದ. ಹಾಗೆ ಇಬ್ಬರು ಇದ್ದರೆ ಈ ಕೆಲಸ ಚೆಂದ. ಕೈಗವಸು ಬೇಕೇ ಬೇಕು, ಎಪಾಕ್ಸಿ ಚರ್ಮಕ್ಕೆ ಹತ್ತಿದರೆ ಅಲರ್ಜಿ ಆಗಬಹುದು.

ನೆಲ ಮತ್ತು ಗೋಡೆ ಸೇರುವ ಮೂಲೆಗೆ ಎಪಾಕ್ಸಿ ಹಾಕಲಿಲ್ಲ. ನೆಲ, ಗೋಡೆ ಎರಡೂ ಬಿಸಿಲಿಗೆ ಚಳಿಗೆ ಬೇರೆ ಬೇರೆಯಾಗಿ ಅಲುಗುತ್ತವೆ, ಗಟ್ಟಿ ಪದಾರ್ಥ ಅಲ್ಲಿ ಬಿರುಕು ಬಿಡುತ್ತೆ. ಅಲ್ಲಿಗೆ ಬೂಷ್ಟು ಹಿಡಿಯದ ಸಿಲಿಕೋನ್. ಎರಡೂ ಕಡೆ ಟೇಪ್ ಅಂಟಿಸಿ, ಗನ್ನಿನಿಂದ ಒಂದೇ ಎಳೆಯಾಗಿ ಬಿಟ್ಟು, ಸೋಪು ನೀರಲ್ಲಿ ಅದ್ದಿದ ಬೆರಳಿನಿಂದ ಸವರಿ, ಹಸಿ ಇರುವಾಗಲೇ ಟೇಪ್ ಕಿತ್ತೆ. ಟ್ರ್ಯಾಪಿನ ಜಾಲರಿಯ ಚೌಕಟ್ಟಿಗೂ ಟೈಲ್ಸಿಗೂ ನಡುವೆ ಅದನ್ನೇ ತುಂಬಿದೆ.

ಖರ್ಚು ಕೇಳುವವರಿಗೆ: ಎಪಾಕ್ಸಿ ಎರಡು ಕೆ.ಜಿ.ಗೆ 1,100, ಸಿಲಿಕೋನ್ ಎರಡು ಟ್ಯೂಬಿಗೆ 560, ಗನ್ 180, ಕೋಟಿಂಗ್ 380, ಟೈಲ್ಸ್ ಅಂಟು 200, ಲಿಕ್ವಿಡ್ 90, ಜಾಲರಿ 220, ಬ್ಲೇಡು, ಟೇಪು, ಸ್ಪಂಜು, ಕೈಗವಸು ಸೇರಿ 240. ಒಟ್ಟು 2,970 ರೂಪಾಯಿ. ಸಿಮೆಂಟು, ಮರಳು ಮನೆಯಲ್ಲೇ ಇತ್ತು.

ಏಳು ದಿನ ಬಿಟ್ಟು ಮತ್ತೆ ನೀರು ನಿಲ್ಲಿಸಿದೆವು. ಅದೇ ಬನಿಯನ್ ಉಂಡೆ, ಅದೇ ಹರಿವಾಣ. ಹರಿವಾಣದಲ್ಲಿ 3 ಮಿಲಿಮೀಟರ್ ಇಳಿಯಿತು, ನೆಲದಲ್ಲೂ 3. ಮಗ ಸ್ಕೇಲ್ ಹಿಡಿದು "ಅಮ್ಮಾ, ಎರಡೂ ಒಂದೇ!" ಅಂತ ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಅವತ್ತು ರಾತ್ರಿ ನಮ್ಮ ಮನೆಯವರು ಬಸ್ಸಿಳಿದು ಬಂದವರೇ ಚಪ್ಪಲಿ ಬಿಟ್ಟು ಮೊದಲು ಹೋಗಿ ನೋಡಿದ್ದು ಬಾತ್‌ರೂಮನ್ನು.

ಗೋಡೆಗೆ ಬಣ್ಣ ಹೊಡೆಸೋಣ ಅಂತ ಎಲ್ಲರಿಗೂ ಆತುರ. ನಾನು ಬಿಡಲಿಲ್ಲ. ಸೋರಿಕೆ ನಿಂತರೂ ಇಟ್ಟಿಗೆಯೊಳಗಿನ ನೀರು ತಿಂಗಳುಗಟ್ಟಲೆ ಇರುತ್ತೆ. ಉದುರುವ ಗಿಲಾವನ್ನು ಮೂರಡಿ ಎತ್ತರದ ತನಕ ಕೆತ್ತಿಸಿ, ಗೋಡೆಯನ್ನು ಹಾಗೇ ಬರಿಮೈಯಲ್ಲಿ ಬಿಟ್ಟೆವು. ವಾರಕ್ಕೊಮ್ಮೆ ಮೇಲೆ ಬಂದ ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿದೆ. ನೀರಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಗೌರಿ ಹಬ್ಬಕ್ಕೆ ಬಂದ ನಾದಿನಿ ಆ ಗೋಡೆ ನೋಡಿ, "ಇದೇನತ್ತಿಗೆ, ಹಬ್ಬಕ್ಕೂ ಹಿಂಗೇ ಬಿಟ್ಟಿದೀರಾ?" ಅಂದಳು. ಅವಳಿಗೆ ಪೆನ್ಸಿಲ್ ಗೆರೆಗಳನ್ನು ತೋರಿಸಿದೆ. ಏಪ್ರಿಲ್ 6ರಿಂದ ಹಿಡಿದು ಒಂದರ ಕೆಳಗೆ ಒಂದು ಇಳಿಯುತ್ತಾ ಬಂದ ಗೆರೆಗಳನ್ನು ಮೊದಲೇ ಹಾಳೆಯ ಮೇಲೆ ನಕಲು ಮಾಡಿ ಇಟ್ಟುಕೊಂಡಿದ್ದೆ.

ಅಕ್ಟೋಬರ್ ಮೊದಲ ವಾರ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಟ್ಟೆ. ಹಾಳೆಯ ಹಿಂದೆ ಬೆವರಿದ್ದರೆ ಗೋಡೆಯಲ್ಲಿ ಇನ್ನೂ ನೀರಿದೆ ಅಂತ. ಒಂದು ಹನಿಯೂ ಇರಲಿಲ್ಲ. ಆಮೇಲೆ ಮೇಸ್ತ್ರಿಯನ್ನೇ ಕರೆಸಿ ಗಿಲಾವು ಮಾಡಿಸಿದೆ, ಸಿಮೆಂಟ್ ಸೇರಿ 1,500 ಆಯಿತು. ಗಿಲಾವಿಗೆ ಕೈ ಪಳಗಿರಬೇಕು, ಅದನ್ನು ನಾನು ಮಾಡಲು ಹೋಗಲಿಲ್ಲ. 78 ಸಾವಿರ ಹೇಳಿದವರೇ ಅವರು. ನೆಲದ ಸಂದನ್ನು ಬಗ್ಗಿ ನೋಡಿ, ಉಗುರಿನಲ್ಲಿ ಕೆರೆದು ನೋಡಿ, "ಗಟ್ಟಿ ಕೂತಿದೆ ಮೇಡಂ" ಅಂದರು. ದೀಪಾವಳಿಗೆ ಬಣ್ಣ ಆಯಿತು. ಬೀರು ಮತ್ತೆ ಅದೇ ಜಾಗಕ್ಕೆ ಬಂತು, ಗೋಡೆಗೆ ನಾಲ್ಕು ಬೆರಳು ಬಿಟ್ಟು.

ನಮ್ಮದು ನೆಲಮಾಳಿಗೆ ಇಲ್ಲದ, ನೆಲದ ಮೇಲೇ ಕಟ್ಟಿದ ಒಂದಂತಸ್ತಿನ ಮನೆ ಅನ್ನುವುದನ್ನು ಮರೆಯಬೇಡಿ. ಮಹಡಿಯ ಬಾತ್‌ರೂಮಾದರೆ ಲೆಕ್ಕ ಬೇರೆ. ಅಲ್ಲಿ ಸ್ಲ್ಯಾಬ್ ತಗ್ಗಿಸಿ ಅದರೊಳಗೆ ಇಟ್ಟಿಗೆ ಚೂರು ತುಂಬಿರುತ್ತಾರೆ. ಆ ತುಂಬಿಗೆಯಲ್ಲಿ ನೀರು ನಿಂತು ಕೆಳಗಿನ ಮನೆಯ ಸೂರಿನಲ್ಲಿ ಹನಿಯುತ್ತಿದ್ದರೆ ಸಂದು ತುಂಬಿ ಸುಮ್ಮನಾಗುವ ಹಾಗಿಲ್ಲ, ತೆಗೆದೇ ನೋಡಬೇಕಾಗಬಹುದು. ರಾತ್ರಿ ಟ್ಯಾಂಕಿನ ಅಳತೆ ಇಳಿದರೂ ಪ್ಲಂಬರ್ ಕರೆಸಿ ಪಂಪ್ ಹಾಕಿ ಒತ್ತಡ ನೋಡಿಸಿ. ಇನ್ನೊಂದು ಮಾತು, ಆಸಿಡ್ ಹಾಕಿದ ನೆಲಕ್ಕೆ ಬ್ಲೀಚಿಂಗ್ ಪೌಡರ್ ಎಂದಿಗೂ ಹಾಕಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ.

ಬೋರ್ ನೀರಂತೂ ಬದಲಾಗಿಲ್ಲ, ಬಿಳಿ ಪೊರೆ ಈಗಲೂ ಕಟ್ಟುತ್ತೆ. ಸ್ನಾನ ಆದವರು ವೈಪರ್ ಎಳೆದೇ ಹೊರಗೆ ಬರಬೇಕು ಅಂತ ಮಾಡಿದ್ದೇವೆ. ನೀರು ನಿಂತು ಒಣಗಿದರೆ ತಾನೇ ಕಲೆ? ಎರಡು ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಕಲೆ ಇರುವ ಕಡೆ ಬಟ್ಟೆಯಲ್ಲಿ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆಯುತ್ತೇವೆ. ಮೇಲಿನ ಗೋಡೆಯ ಸಂದುಗಳು ಇನ್ನೂ ಬಿಳಿ ಸಿಮೆಂಟೇ ಆದ್ದರಿಂದ ಅಲ್ಲಿ ಮೊದಲು ಬರೀ ನೀರು ಹಾಕಿ ನೆನೆಸಿಕೊಂಡೇ ಹಚ್ಚುವುದು. ಈಗ ಅತ್ತೆಯೇ ದಿನಸಿ ಚೀಟಿಯಲ್ಲಿ ಸಾಸಿವೆ, ಜೀರಿಗೆ ಜೊತೆ ನಿಂಬೆ ಉಪ್ಪು ಬರೆಸುತ್ತಾರೆ. ಬಾಗಿಲ ಎಡಮೂಲೆಯಲ್ಲಿ ಇಳಿಜಾರು ಸರಿಯಿಲ್ಲ, ಅಂಗೈ ಅಗಲ ನೀರು ನಿಲ್ಲುತ್ತೆ, ಅದು ನನ್ನಿಂದ ಸರಿಹೋಗಲಿಲ್ಲ.

ತಿಂಗಳಿಗೊಮ್ಮೆ ಪೊರಕೆ ಕಡ್ಡಿ ಹಿಡಿದು ಸಂದುಗಳನ್ನೆಲ್ಲ ಒಂದು ಸುತ್ತು ಚುಚ್ಚಿ ನೋಡುತ್ತೇನೆ. ಎಪಾಕ್ಸಿ ಎಲ್ಲೂ ಬಿಟ್ಟಿಲ್ಲ. ಹೋದ ಸಲ ನೋಡಿದಾಗ ಟ್ರ್ಯಾಪಿನ ಪಕ್ಕದ ಮೂಲೆಯಲ್ಲಿ ಸಿಲಿಕೋನ್ ಒಂದು ಬೆರಳುದ್ದ ಎದ್ದಿತ್ತು. ಅಷ್ಟನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಒಂದು ದಿನ ಒಣಗಿಸಿ, ಉಳಿದಿದ್ದ ಟ್ಯೂಬಿನಿಂದ ಮತ್ತೆ ತುಂಬಿದೆ.